ಆಪರೇಷನ್ ಹೊತ್ತಲ್ಲಿ ಅಪ್ಪನ ಬಿಪಿ ಬೇಕಂತಲೇ ಇಳಿಸುತ್ತಾರಂತೆ. ಆಕ್ಸಿಡೇಟಿವ್ ಸ್ಟ್ರೆಸ್ ಆಗುವುದಿಲ್ವಾ?

ಮೆಡಿಕಲ್ ಶಾಪ್ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 58 ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಒಲೆ ಮುಂದೆ ದುಡಿದವರು. ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿದ ಕ್ಷಣಕ್ಕೆ ಜರಡಿಗೆ ಎತ್ತಬೇಕು. ಒಂದು ಉಸಿರು ತಡವಾದರೂ ಸೀದುಹೋಗುತ್ತದೆ. ಹೊಗೆ, ಧೂಳು, ಝಳ ಎಲ್ಲ ನೇರ ಮೂಗಿಗೇ. ನಾಲ್ಕು ವರ್ಷದಿಂದ ಎರಡೂ ಕಡೆ ಮೂಗು ಕಟ್ಟಿದೆ. ರಾತ್ರಿ ಬಾಯಿ ತೆರೆದುಕೊಂಡೇ ಮಲಗುತ್ತಾರೆ, ಬೆಳಿಗ್ಗೆ ನಾಲಿಗೆ ಒಣಗಿ ಅಂಟಿಕೊಂಡಿರುತ್ತದೆ. ಬೆಣ್ಣೆ ದೋಸೆ ಹಂಚಿನ ಮುಂದೆ ನಿಂತರೂ ವಾಸನೆ ಬರುವುದಿಲ್ಲ ಅನ್ನುತ್ತಾರೆ. ಸ್ಕ್ಯಾನ್ ಮಾಡಿಸಿದೆವು. ದುರ್ಮಾಂಸ ಬೆಳೆದಿದೆ, ಸೈನಸ್ ಎಲ್ಲ ತುಂಬಿಕೊಂಡಿದೆ, ದುರ್ಬೀನು ಹಾಕಿ ಆಪರೇಷನ್ ಮಾಡಬೇಕು ಅಂದರು.

ಬಿಪಿ ಏಳು ವರ್ಷದಿಂದ ಇದೆ. ಬೆಳಿಗ್ಗೆ ಟೆಲ್ಮಿಸಾರ್ಟಾನ್ 40, ರಾತ್ರಿ ಅಮ್ಲೋಡಿಪಿನ್ 5. ಶುಗರ್ ಇಲ್ಲ. ಬೀಡಿ ಬಿಟ್ಟು ಎರಡು ವರ್ಷ ಆಯಿತು. ಮನೆಯಲ್ಲಿ ನಾನೇ ಬಿಪಿ ನೋಡಿ ನೋಟ್‌ಬುಕ್ಕಲ್ಲಿ ಬರೆಯುತ್ತೇನೆ. ಹೆಚ್ಚುಕಡಿಮೆ 144/87 ಆಸುಪಾಸು ಇರುತ್ತದೆ.

ಮೊನ್ನೆ ಫಿಟ್ನೆಸ್‌ಗೆ ಅಂತ ಕರೆದುಕೊಂಡು ಹೋಗಿದ್ದೆ. ಅಲ್ಲಿ 168/100 ಬಂತು. ಬಿಳಿ ಕೋಟು ಕಂಡರೆ ಅಪ್ಪನ ಅಂಗೈ ಬೆವರುತ್ತದೆ. ಅನಸ್ತೇಷಿಯಾ, ಅಂದರೆ ಮತ್ತು ಕೊಡುವ ಡಾಕ್ಟರು ಇಸಿಜಿ ನೋಡಿದರು, ಬಾಯಿ ತೆರೆಸಿ ನೋಡಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಿ ನೋಡಿದರು. ಕೊನೆಗೆ ಫೈಲ್ ಮುಚ್ಚುತ್ತಾ, 'ಆಪರೇಷನ್ ಹೊತ್ತಲ್ಲಿ ಬಿಪಿ ಸ್ವಲ್ಪ ಇಳಿಸಿ ಇಟ್ಟುಕೊಳ್ಳುತ್ತೇವೆ, ರಕ್ತ ಕಡಿಮೆ ಬರಲಿ ಅಂತ' ಅಂದರು. ನನಗೆ ಬಾಯಿಗೆ ಮಾತೇ ಬರಲಿಲ್ಲ. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಎದ್ದು ಬಂದುಬಿಟ್ಟೆವು.

ನಾನು ಮೆಡಿಕಲ್ ಶಾಪಲ್ಲಿ ಕೆಲಸ ಮಾಡುವವಳು. ಮರೆತು ಬಿಪಿ ಮಾತ್ರೆ ಎರಡು ಸಲ ನುಂಗಿ, ಬಚ್ಚಲಲ್ಲಿ ತಲೆಸುತ್ತಿ ಬಿದ್ದ ಅಜ್ಜಿಯರನ್ನು ನೋಡಿದ್ದೇನೆ. ಹಾಗಿರುವಾಗ ಬೇಕಂತಲೇ ಇಳಿಸುವುದು ಅಂದರೆ ಏನು? ರಾತ್ರಿ ಮೊಬೈಲಲ್ಲಿ ಹುಡುಕಿದೆ. ಬಿಪಿ ಇಳಿದಾಗ ಅಂಗಗಳಿಗೆ ರಕ್ತ ಕಡಿಮೆ ಹೋಗುತ್ತದೆ, ಮತ್ತೆ ಏರಿದಾಗ ಫ್ರೀ ರಾಡಿಕಲ್ ಅನ್ನುವ ಚಂಚಲ ಅಣುಗಳು ಹುಟ್ಟಿ, ಜೀವಕೋಶಗಳನ್ನು ಕೆಡಿಸುವ ಆಕ್ಸಿಡೇಟಿವ್ ಸ್ಟ್ರೆಸ್ ಆಗುತ್ತದೆ, ರಕ್ತದಲ್ಲಿ ಎಂಡಿಎ ಅನ್ನುವುದು ಏರುತ್ತದೆ ಅಂತ ಇತ್ತು. ಓದಿದ ಮೇಲೆ ನಿದ್ದೆ ಬರಲಿಲ್ಲ.

ಇದು ನಿಜಾನಾ? ಅಪ್ಪನಂಥ ಬಿಪಿ ಇರುವವರಿಗೆ ಎಷ್ಟರವರೆಗೆ ಇಳಿಸಬಹುದು? ಮೊದಲೇ ವಿಟಮಿನ್ ಸಿ, ವಿಟಮಿನ್ ಇ ಕೊಟ್ಟರೆ ಒಳ್ಳೆಯದಾ? ಶಾಪಲ್ಲೇ ಇದೆ, ಇವತ್ತೇ ಶುರು ಮಾಡಬಲ್ಲೆ. ನನ್ನ ತಮ್ಮನಂತೂ ಆಪರೇಷನ್ನೇ ಬೇಡ ಅನ್ನುತ್ತಿದ್ದಾನೆ. ಅಪ್ಪನದು ಒಂದೇ ಮಾತು: 'ಒಂದು ರಾತ್ರಿ ಮೂಗಲ್ಲಿ ಉಸಿರಾಡಿಕೊಂಡು ಮಲಗಬೇಕು ಕಣವ್ವಾ.'

ಮತ್ತಿನ ಡಾಕ್ಟರು, ಚಿತ್ರದುರ್ಗ

ನೋಡಮ್ಮ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಫೈಲ್ ಮುಚ್ಚುವ ಮೊದಲೇ ಇದಕ್ಕೆ ಉತ್ತರ ಸಿಗಬೇಕಿತ್ತು. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸದಲ್ಲಿದ್ದೇನೆ. ನಿಧಾನಕ್ಕೆ ಹೇಳುತ್ತೇನೆ.

ಮೊದಲು, ಯಾಕೆ ಇಳಿಸುತ್ತೇವೆ. ಮೂಗಿಗೆ ಹಾಕುವ ದುರ್ಬೀನು 4 ಮಿಲಿಮೀಟರ್ ದಪ್ಪ ಅಷ್ಟೇ. ಅದರ ತುದಿಗೆ ಒಂದು ಹನಿ ರಕ್ತ ಅಂಟಿದರೆ ಟಿವಿ ಪರದೆ ಪೂರ್ತಿ ಕೆಂಪಾಗುತ್ತದೆ. ಸರ್ಜನ್‌ಗೆ ಏನೂ ಕಾಣುವುದಿಲ್ಲ. ಸೈನಸ್‌ಗೂ ಕಣ್ಣಿಗೂ ನಡುವೆ ಇರುವ ಮೂಳೆ ಕಾಗದದಷ್ಟು ತೆಳು. ಮೇಲ್ಗಡೆ ಮೆದುಳಿನ ತಳ. ಅಂಥ ಜಾಗದಲ್ಲಿ ಕಾಣದೆ ಕೈ ಆಡಿಸುವುದು ಬಿಪಿ ಇಳಿಸುವುದಕ್ಕಿಂತ ದೊಡ್ಡ ಅಪಾಯ. ಇದು ಹೊಸ ಯೋಚನೆ ಅಲ್ಲ. ಮೆದುಳಿನ ಸರ್ಜನ್ ಹಾರ್ವೆ ಕುಶಿಂಗ್ 1917ರಲ್ಲೇ ಈ ಮಾತು ಎತ್ತಿದ್ದರು. 1946ರಲ್ಲಿ ಗಾರ್ಡ್ನರ್ ಅನ್ನುವವರು ರಕ್ತನಾಳದಿಂದ ರಕ್ತವನ್ನೇ ಹೊರಗೆ ತೆಗೆದು ಒತ್ತಡ ಇಳಿಸಿದ್ದರು. ಈಗ ಆ ಕೆಲಸವನ್ನು ಔಷಧಿ ಮಾಡುತ್ತದೆ.

ಇನ್ನು ಎಷ್ಟು ಇಳಿಸುವುದು ಅನ್ನುವ ಲೆಕ್ಕ. ನಾವು ಮೇಲಿನ ಅಂಕಿ, ಕೆಳಗಿನ ಅಂಕಿಗಿಂತ ಜಾಸ್ತಿ ನೋಡುವುದು ಸರಾಸರಿ ಒತ್ತಡವನ್ನು. ಮೇಲಿನದರಿಂದ ಕೆಳಗಿನದು ಕಳೆಯಿರಿ, ಬಂದದ್ದನ್ನು ಮೂರರಿಂದ ಭಾಗಿಸಿ, ಕೆಳಗಿನ ಅಂಕಿಗೆ ಸೇರಿಸಿ. ನಿಮ್ಮಪ್ಪನ 144/87ಕ್ಕೆ ಇದು 106. ಬಿಪಿ ಇಲ್ಲದ ಆರೋಗ್ಯವಂತರಲ್ಲಿ 50ರಿಂದ 65ರವರೆಗೆ ಇಳಿಸಬಹುದು ಅಂತ ಪುಸ್ತಕದಲ್ಲಿ ಇದೆ. ಬಿಪಿ ಇರುವವರಿಗೆ ಆ ಅಂಕಿ ಹಾಕಲೇಬಾರದು. ಅವರವರ ಮಾಮೂಲಿ ಒತ್ತಡದ 30 ಪರ್ಸೆಂಟ್‌ಗಿಂತ ಜಾಸ್ತಿ ಇಳಿಸಬಾರದು ಅನ್ನುವ ಲೆಕ್ಕ ಹಿಡಿಯುತ್ತೇವೆ. 106ಕ್ಕೆ ಅದು 74 ಆಗುತ್ತದೆ. ಯಾಕೆ ಅಂದರೆ, ವರ್ಷಗಟ್ಟಲೆ ಬಿಪಿ ಇದ್ದವರ ಮೆದುಳು, ಕಿಡ್ನಿ ಆ ಜಾಸ್ತಿ ಒತ್ತಡಕ್ಕೇ ಒಗ್ಗಿಕೊಂಡಿರುತ್ತವೆ. ನನಗೆ ನಿಮಗೆ ಸಾಕಾಗುವ ಒತ್ತಡ ಅವುಗಳಿಗೆ ಸಾಲುವುದಿಲ್ಲ.

ಒಂದು ಸೂಕ್ಷ್ಮ ಇದೆ. ಆಸ್ಪತ್ರೆಯಲ್ಲಿ ಬಂದ 168/100 ಹಿಡಿದು ಲೆಕ್ಕ ಹಾಕಿದರೆ ಸರಾಸರಿ 123, 30 ಪರ್ಸೆಂಟ್ ಕಳೆದರೆ 86. ಮನೆಯ ಅಂಕಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹೆದರಿದಾಗ ಬಂದ ಅಂಕಿ ಅವರ ಮಾಮೂಲಿ ಅಲ್ಲ. ನಿಮ್ಮ ನೋಟ್‌ಬುಕ್ ಇದೆಯಲ್ಲ, ಅದನ್ನು ತಪ್ಪದೆ ತೆಗೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ. ಅದಕ್ಕೆ ಬಹಳ ಬೆಲೆ ಇದೆ.

ಈಗ ಆಕ್ಸಿಡೇಟಿವ್ ಸ್ಟ್ರೆಸ್. ನನ್ನ ತವರು ಭದ್ರಾ ನಾಲೆಯ ಕೊನೆ ಭಾಗದ ಊರು. ಮೇಲೆ ತೂಬು ಸ್ವಲ್ಪ ಇಳಿಸಿದರೂ ಮೊದಲು ಒಣಗುವುದು ನಮ್ಮ ಗದ್ದೆ. ಮೇಲಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಮೈಯಲ್ಲೂ ಹಾಗೆಯೇ. ಒತ್ತಡ ಇಳಿದಾಗ ಮೈ ಮೊದಲು ಕರುಳು, ಕಿಡ್ನಿಯ ಕಡೆಗೆ ಹೋಗುವ ರಕ್ತ ತಡೆದು, ಹೃದಯ ಮತ್ತು ಮೆದುಳಿಗೆ ಉಳಿಸುತ್ತದೆ. ತೂಬು ಸ್ವಲ್ಪವೇ ಇಳಿಸಿ, ಸ್ವಲ್ಪ ಹೊತ್ತಲ್ಲೇ ಬಿಟ್ಟರೆ ಕೊನೆಯ ಗದ್ದೆಯೂ ತಡೆದುಕೊಳ್ಳುತ್ತದೆ, ಹಸಿ ಆರಿರುವುದಿಲ್ಲ. ತೀರಾ ಒಣಗಲು ಬಿಟ್ಟು ಆಮೇಲೆ ಒಮ್ಮೆಗೇ ನೀರು ನುಗ್ಗಿಸಿದರೆ ಏನಾಗುತ್ತದೆ, ನಮ್ಮ ಕಡೆಯವರಿಗೆ ಗೊತ್ತು. ಮೊದಲು ಬರುವುದು ಕಸ, ಕೊಳೆತ ಕಡ್ಡಿ, ಕೆಸರು. ಬಿರುಕು ಬಿಟ್ಟ ಬದು ಅದರ ರಭಸಕ್ಕೆ ಒಡೆದುಹೋಗುತ್ತದೆ. ಫ್ರೀ ರಾಡಿಕಲ್ ಹುಟ್ಟುವುದು ಹೆಚ್ಚಾಗಿ ಈ ಹೊತ್ತಲ್ಲೇ, ರಕ್ತ ವಾಪಸ್ ಬಂದಾಗ. ಅದಕ್ಕೇ ನಮಗೆ ಮೂರು ವಿಷಯ ಮುಖ್ಯ. ಎಷ್ಟು ಕೆಳಗೆ ಹೋದೆವು, ಎಷ್ಟು ಹೊತ್ತು ಅಲ್ಲಿದ್ದೆವು, ಎಷ್ಟು ನಿಧಾನಕ್ಕೆ ಮೇಲೆ ಬಂದೆವು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತಿಲ್ಲ. ಕೆಲಸಕ್ಕೆ ಸೇರಿದ ಹೊಸದು, ಬೇರೆ ಊರಿನ ಒಂದು ಆಸ್ಪತ್ರೆ. ಇಂಥದೇ ಸೈನಸ್ ಆಪರೇಷನ್, ಅರವತ್ತು ದಾಟಿದ ಬಿಪಿ ಇರುವ ಯಜಮಾನರು. ನೈಟ್ರೋಗ್ಲಿಸರಿನ್ ಡ್ರಿಪ್ ಹಾಕಿದ್ದೆ. ಸರ್ಜನ್ ಇನ್ನೂ ಸ್ವಲ್ಪ ಇಳಿಸಿ, ಇನ್ನೂ ಸ್ವಲ್ಪ ಅನ್ನುತ್ತಿದ್ದರು. ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ. ಸರಾಸರಿ 54ಕ್ಕೆ ಇಳಿಯಿತು. ನಾಡಿ 118ಕ್ಕೆ ಏರಿತು. ವಿಚಿತ್ರ ಅಂದರೆ ರಕ್ತ ಜಿನುಗುವುದು ಕಡಿಮೆಯೇ ಆಗಲಿಲ್ಲ. ಆ ಔಷಧಿ ರಕ್ತನಾಳ ಹಿಗ್ಗಿಸುತ್ತದೆ, ಹೃದಯ ಅದಕ್ಕೆ ಉತ್ತರವಾಗಿ ಓಡಲು ಶುರು ಮಾಡುತ್ತದೆ. ಹಿಗ್ಗಿದ ನಾಳದಲ್ಲಿ ಓಡುವ ರಕ್ತ ಜಿನುಗದೆ ಇರುತ್ತದಾ? ನಲವತ್ತು ನಿಮಿಷ ಹಾಗೇ ನಡೆಯಿತು. ಮುಗಿದ ಮೇಲೆ ಡ್ರಿಪ್ ಥಟ್ಟನೆ ನಿಲ್ಲಿಸಿದೆ. ಬಿಪಿ 180ಕ್ಕೆ ಹಾರಿತು. ಆ ರಾತ್ರಿ ಅವರ ಮೂತ್ರದ ಚೀಲ ಪದೇ ಪದೇ ಎತ್ತಿ ನೋಡಿದೆ. ತಳದಲ್ಲಿ ಸ್ವಲ್ಪ ಗಾಢ ಹಳದಿ, ಅಷ್ಟೇ. ಕಿಡ್ನಿ ಕೆಲಸ ಕಡಿಮೆ ಆದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.1 ಇದ್ದದ್ದು 1.9 ಆಯಿತು. ಐದನೇ ದಿನ ಇಳಿಯಿತು, ಅವರು ನಡೆದುಕೊಂಡೇ ಮನೆಗೆ ಹೋದರು. ಆದರೆ ಆ ಚೀಲ ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿಲ್ಲ. 2013ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ನಡೆದ 33 ಸಾವಿರಕ್ಕೂ ಜಾಸ್ತಿ ಆಪರೇಷನ್‌ಗಳ ದಾಖಲೆ ಹಿಡಿದು ಒಂದು ಅಧ್ಯಯನ ಬಂತು. ಸರಾಸರಿ ಒತ್ತಡ 55ರ ಕೆಳಗೆ ಕೆಲವೇ ನಿಮಿಷ ಇದ್ದರೂ ಕಿಡ್ನಿಗೆ, ಹೃದಯಕ್ಕೆ ಪೆಟ್ಟು ಬೀಳುವ ಸಂಭವ ಜಾಸ್ತಿ ಅಂತ ಅದರಲ್ಲಿತ್ತು. ಓದಿದಾಗ ನನಗೆ ನೆನಪಾದದ್ದು ಆ ಯಜಮಾನರು.

ಅಂದಿನಿಂದ ನನ್ನ ದಾರಿ ಬೇರೆ. ಮೊದಲು ನಾಡಿಯನ್ನು ಇಳಿಸುತ್ತೇನೆ, 60ರ ಆಸುಪಾಸು. ಅದಕ್ಕೆ ಡೆಕ್ಸ್‌ಮೆಡಿಟೊಮಿಡಿನ್ ಅಥವಾ ಎಸ್ಮೊಲಾಲ್. ಹೃದಯ ನಿಧಾನ ಆದರೆ ಬಿಪಿ ಜಾಸ್ತಿ ಇಳಿಸದೆಯೂ ಜಾಗ ಒಣಗುತ್ತದೆ. ಮತ್ತಿಗೆ ಗ್ಯಾಸ್ ಬದಲು ಪ್ರೊಪೊಫಾಲ್ ಡ್ರಿಪ್. ತಲೆ ಕಡೆ 15 ಡಿಗ್ರಿ ಎತ್ತುತ್ತೇವೆ, ರಕ್ತ ಕೆಳಗೆ ಇಳಿಯಲಿ ಅಂತ. ಹಾಗೆ ಎತ್ತಿದಾಗ ಒಂದು ಮರೆಯಬಾರದು. ಬಿಪಿ ನೋಡುವ ಪಟ್ಟಿ ಕಟ್ಟಿರುವುದು ತೋಳಿಗೆ, ಮೆದುಳು ಅದಕ್ಕಿಂತ ಮೇಲಿದೆ. 13 ಸೆಂಟಿಮೀಟರ್ ಮೇಲಿದ್ದರೆ ಅಲ್ಲಿ ಒತ್ತಡ 10 ಕಡಿಮೆ. ತೋಳಲ್ಲಿ 70 ಅಂದರೆ ತಲೆಯಲ್ಲಿ 60. ಸರ್ಜನ್ ಕೂಡ ಮೂಗಿಗೆ ಅಡ್ರಿನಾಲಿನ್ ಅದ್ದಿದ ಹತ್ತಿ ಇಡುತ್ತಾರೆ, ಅದರಿಂದಲೂ ರಕ್ತ ಕಡಿಮೆ ಆಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಬಿಪಿ ಇರುವವರಲ್ಲಿ 70ರ ಕೆಳಗೆ ಹೋಗುವ ಅಗತ್ಯ ನನಗಂತೂ ಬರುವುದು ಅಪರೂಪ. ಸರ್ಜನ್ ಕೇಳಿದರೂ ಹೋಗುವುದಿಲ್ಲ. ಹತ್ತು ನಿಮಿಷ ಹತ್ತಿ ತುಂಬಿ ಕಾಯೋಣ ಅನ್ನುತ್ತೇನೆ. ಈಗ ಆ ಧೈರ್ಯ ಇದೆ.

ಆಪರೇಷನ್ ಹಿಂದಿನ ದಿನ ಟೆಲ್ಮಿಸಾರ್ಟಾನ್ ವಿಚಾರ ತಪ್ಪದೆ ಕೇಳಿ. ಸಾಮಾನ್ಯವಾಗಿ ಅದನ್ನು 24 ಗಂಟೆ ಮೊದಲು ನಿಲ್ಲಿಸುತ್ತೇವೆ. ಅದು ಮೈಯಲ್ಲಿದ್ದಾಗ ಅನಸ್ತೇಷಿಯಾ ಕೊಟ್ಟರೆ ಬಿಪಿ ಧಸಕ್ಕನೆ ಬೀಳಬಹುದು, ಎತ್ತುವುದು ಕಷ್ಟ. ಅಮ್ಲೋಡಿಪಿನ್ ಸಾಮಾನ್ಯವಾಗಿ ಮುಂದುವರಿಸುತ್ತೇವೆ. ಆದರೆ ನಿಮ್ಮ ಡಾಕ್ಟರು ಏನು ಹೇಳುತ್ತಾರೋ ಅದೇ ಕೊನೆ. ನಾನು ಅಪ್ಪನನ್ನು ನೋಡಿಲ್ಲ.

ಬಯೋಕೆಮಿಸ್ಟ್ರಿ ಮೇಷ್ಟ್ರು, ದಾವಣಗೆರೆ

ಡಾಕ್ಟರ ನಾಲೆ ಉದಾಹರಣೆಯನ್ನು ನಾಳೆಯೇ ಕ್ಲಾಸಲ್ಲಿ ಹೇಳುತ್ತೇನೆ. ತಂಗಿ, ಆ 'ಕೆಸರು' ಏನು ಅಂತ ನಾನು ಸ್ವಲ್ಪ ಬಿಡಿಸಿ ಹೇಳಲಾ?

ಜೀವಕೋಶಕ್ಕೆ ಆಮ್ಲಜನಕ ಸಾಲದೆ ಹೋದಾಗ ಅದು ತನ್ನ ಕೂಡಿಟ್ಟ ಶಕ್ತಿಯನ್ನು, ಅಂದರೆ ಎಟಿಪಿಯನ್ನು ಒಡೆದು ತಿನ್ನುತ್ತದೆ. ಒಡೆದು ಒಡೆದು ಕೊನೆಗೆ ಹೈಪೊಕ್ಸಾಂಥಿನ್ ಅನ್ನುವ ಪದಾರ್ಥ ಗುಡ್ಡೆ ಬೀಳುತ್ತದೆ. ಅದನ್ನು ಮುಂದಕ್ಕೆ ಸಾಗಿಸುವ ಎಂಜೈಮ್ ಕ್ಸಾಂಥಿನ್ ಆಕ್ಸಿಡೇಸ್. ಅದಕ್ಕೆ ಆಮ್ಲಜನಕ ಬೇಕು. ರಕ್ತ ವಾಪಸ್ ಬಂದ ತಕ್ಷಣ ಆಮ್ಲಜನಕ ಸಿಗುತ್ತದೆ, ಗುಡ್ಡೆ ಬಿದ್ದದ್ದು ಒಮ್ಮೆಗೇ ಉರಿಯುತ್ತದೆ, ಜೊತೆಗೆ ಸೂಪರ್‌ಆಕ್ಸೈಡ್ ಅನ್ನುವ ಫ್ರೀ ರಾಡಿಕಲ್ ಹುಟ್ಟುತ್ತದೆ. ನಿಮ್ಮ ಶಾಪಲ್ಲಿ ಗೌಟ್‌ಗೆ ಕೊಡುವ ಅಲೋಪ್ಯುರಿನಾಲ್ ಇದೆಯಲ್ಲ, ಅದು ತಡೆಯುವುದು ಇದೇ ಎಂಜೈಮನ್ನು. ಹಾಗಂತ ಅಪ್ಪನಿಗೆ ಅದನ್ನು ಕೊಡಬೇಡಿ. ಗೊತ್ತಿರುವ ಮಾತ್ರೆಯಿಂದ ಹೇಳಿದರೆ ನಿಮಗೆ ಬೇಗ ಅರ್ಥ ಆಗುತ್ತದೆ ಅಂತ ಹೇಳಿದೆ.

ಇದರ ಎದುರು ಮೈ ಸುಮ್ನೆ ಕೂತಿರುವುದಿಲ್ಲ. ಸೂಪರ್‌ಆಕ್ಸೈಡನ್ನು ಹಿಡಿದು ಕಟ್ಟಿಹಾಕುವ ಎಂಜೈಮ್ ನಮ್ಮೊಳಗೇ ಇದೆ, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಅದರ ಕೆಲಸ ಏನು ಅಂತ ತೋರಿಸಿಕೊಟ್ಟರು. ಕ್ಯಾಟಲೇಸ್, ಗ್ಲುಟಾಥಯೋನ್ ಇವೆಲ್ಲ ಅದರ ಜೊತೆಗಾರರು. ಹುಟ್ಟುವ ರಾಡಿಕಲ್ ಈ ಕಾವಲಿಗಿಂತ ಜಾಸ್ತಿ ಆದಾಗ ಮಾತ್ರ ಅದು ಆಕ್ಸಿಡೇಟಿವ್ ಸ್ಟ್ರೆಸ್.

ಈಗ ನಿಮ್ಮ ನಿದ್ದೆ ಕೆಡಿಸಿದ ಎಂಡಿಎ. ಪೂರ್ತಿ ಹೆಸರು ಮ್ಯಾಲಾನ್‌ಡೈಆಲ್ಡಿಹೈಡ್. ರಾಡಿಕಲ್‌ಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸಿದಾಗ ಉಳಿಯುವ ಚೂರು. ಎಣ್ಣೆ ಹಳತಾಗಿ ಕಮಟು ಬರುವುದು ಇದೇ ಜಾತಿಯ ಕೆಲಸದಿಂದ. ನಾವು ಇದನ್ನು ಪ್ರಾಕ್ಟಿಕಲ್‌ನಲ್ಲಿ ಮಾಡಿಸುತ್ತೇವೆ. ಸೀರಮ್‌ಗೆ ಥಯೋಬಾರ್ಬಿಟ್ಯೂರಿಕ್ ಆಸಿಡ್ ಸೇರಿಸಿ, ಕುದಿಯುವ ನೀರಿನಲ್ಲಿ ಟೆಸ್ಟ್ ಟ್ಯೂಬ್ ಇಟ್ಟು ಕಾಯಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ಮೆಲ್ಲಗೆ ತಿಳಿ ಗುಲಾಬಿ ಬಣ್ಣ ಬರುತ್ತದೆ. ಎಷ್ಟು ಗಾಢವೋ ಅಷ್ಟು ಎಂಡಿಎ. 532 ನ್ಯಾನೋಮೀಟರ್ ಬೆಳಕಿನಲ್ಲಿ ಅದನ್ನು ಅಳೆಯುತ್ತೇವೆ. ಆದರೆ ಪ್ರತಿ ಬ್ಯಾಚ್‌ಗೂ ನಾನು ಹೇಳುವ ಮಾತು ಒಂದಿದೆ. ಆ ಗುಲಾಬಿ ಬಣ್ಣ ಎಂಡಿಎಗೆ ಮಾತ್ರ ಬರುವುದಲ್ಲ. ಕೆಲವು ಸಕ್ಕರೆಗಳಿಗೂ ಬರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ ಅಂಕಿ ಸುಳ್ಳಾಗಿ ಏರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಸಾಮಾನ್ಯವಾಗಿ ಮೊದಲೇ ಜಾಸ್ತಿ. ಆಪರೇಷನ್ನಿನ ಕೊಯ್ತದಿಂದಲೇ ಸ್ವಲ್ಪ ಏರುತ್ತದೆ. ಆಪರೇಷನ್ ಉದ್ದಕ್ಕೂ ನೂರು ಪರ್ಸೆಂಟ್ ಆಮ್ಲಜನಕ ಕೊಟ್ಟರೂ ರಾಡಿಕಲ್ ಜಾಸ್ತಿ ಆಗುತ್ತದೆ. ಹಾಗಾಗಿ ಬಿಪಿ ಇಳಿಸಿದವರ ಎಂಡಿಎ ಏರಿತು ಅಂತ ಓದಿದರೆ ಮೊದಲು ನೋಡಬೇಕಾದ್ದು, ಬಿಪಿ ಇಳಿಸದೆ ಅದೇ ಆಪರೇಷನ್ ಮಾಡಿಸಿಕೊಂಡವರಲ್ಲಿ ಎಷ್ಟು ಏರಿತು ಅಂತ. ಹಾಗೆ ಹೋಲಿಸಿದ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ಆರೋಗ್ಯವಂತರ ಮೇಲೆ ಮಾಡಿದವು. ಕೆಲವದರಲ್ಲಿ ಏರಿದೆ, ಕೆಲವದರಲ್ಲಿ ಇಲ್ಲ. ಯಾವ ಔಷಧಿ ಅನ್ನುವುದರ ಮೇಲೂ ಹೋಗುತ್ತದೆ. ಏರಿದ ಅಂಕಿ ಅಂದರೆ ಅಂಗಕ್ಕೆ ಪೆಟ್ಟು ಅಂತಲೂ ಅಲ್ಲ. ಡಾಕ್ಟರು ಆ ರಾತ್ರಿ ಎಂಡಿಎ ನೋಡಲಿಲ್ಲ, ಮೂತ್ರದ ಚೀಲ ನೋಡಿದರು. ಅದು ಸರಿ.

ಅವರು ಹೇಳಿದ ಪ್ರೊಪೊಫಾಲ್ ಬಗ್ಗೆ ಒಂದು ಮಾತು. ಹಾಲಿನಂತೆ ಬೆಳ್ಳಗಿರುವ ಔಷಧಿ ಅದು. ಅದರ ಅಣುವಿನಲ್ಲಿ ಒಂದು ಫೀನಾಲ್ ಉಂಗುರ ಇದೆ, ವಿಟಮಿನ್ ಇಯಲ್ಲಿ ಇರುವಂಥದ್ದೇ. ರಾಡಿಕಲ್‌ಗೆ ತನ್ನ ಹೈಡ್ರೋಜನ್ ಕೊಟ್ಟು ಅದನ್ನು ತಣ್ಣಗೆ ಮಾಡುವ ಗುಣ ಎರಡಕ್ಕೂ ಇದೆ. ನೈಟ್ರೋಗ್ಲಿಸರಿನ್‌ನ ದಾರಿ ಬೇರೆ. ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಆ ಹೊತ್ತಿಗೆ ಸೂಪರ್‌ಆಕ್ಸೈಡ್ ಜಾಸ್ತಿ ಇದ್ದರೆ ಎರಡೂ ಕೂಡಿ ಪೆರಾಕ್ಸಿನೈಟ್ರೈಟ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು.

ವಿಟಮಿನ್ ಇ ಮಾತ್ರೆ ದಯವಿಟ್ಟು ಶುರು ಮಾಡಬೇಡಿ. ಜಾಸ್ತಿ ಡೋಸಿನಲ್ಲಿ ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ, ರಕ್ತ ಜಾಸ್ತಿ ಜಿನುಗಬಹುದು. ರಕ್ತ ಕಡಿಮೆ ಬರಲಿ ಅಂತ ತಾನೇ ಇಷ್ಟೆಲ್ಲ ಮಾಡುತ್ತಿರುವುದು? ಅಪ್ಪ ಮೊದಲೇ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಲಿ, ಅದಕ್ಕೆ ಅಡ್ಡಿ ಇಲ್ಲ. ಬೀಡಿ ಬಿಟ್ಟಿದ್ದಾರಲ್ಲ, ಅದು ಯಾವ ಮಾತ್ರೆಗಿಂತಲೂ ದೊಡ್ಡದು.

ಓಟಿ ಟೆಕ್ನಿಷಿಯನ್, ಹೊಸದುರ್ಗ

ಅಕ್ಕಾ, ದೊಡ್ಡವರೆಲ್ಲ ಹೇಳಿದ್ದಾರೆ. ನಾನು ಯಂತ್ರದ ಪಕ್ಕ ನಿಲ್ಲುವವನು, ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ಅಪ್ಪನ ತೋಳು ದಪ್ಪ ಇದೆಯಾ? ಮೂವತ್ತು ವರ್ಷ ಜರಡಿ ಎತ್ತಿದವರು ಅಂದರಲ್ಲ, ಅದಕ್ಕೇ ಕೇಳಿದೆ. ಬಿಪಿ ಪಟ್ಟಿ ತೋಳಿಗೆ ಚಿಕ್ಕದಾದರೆ ಯಂತ್ರ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಮಾಮೂಲಿ ದಿನ ಅದು ಸಣ್ಣ ತಪ್ಪು. ಬಿಪಿ ಇಳಿಸಿಟ್ಟ ದಿನ ಹಾಗಲ್ಲ. ಪರದೆಯಲ್ಲಿ 75 ಅಂತ ಇರುತ್ತದೆ, ಒಳಗೆ ಅದಕ್ಕಿಂತ ಕೆಳಗೆ ಹೋಗಿರುತ್ತದೆ. ದೊಡ್ಡ ಪಟ್ಟಿ ಬೇಕಾಗಬಹುದು ಅಂತ ಹಿಂದಿನ ದಿನವೇ ಹೇಳಿಬಿಡಿ. ನಿಮ್ಮ ಮನೆಯ ಯಂತ್ರದ ಪಟ್ಟಿಯೂ ಒಮ್ಮೆ ನೋಡಿ. ನೋಟ್‌ಬುಕ್ಕಿನ ಅಂಕಿಗಳ ಮೇಲೆಯೇ ಎಲ್ಲ ಲೆಕ್ಕ ನಿಂತಿದೆ ಅಲ್ವಾ?

ಒಳಗೆ ಏನು ನಡೆಯುತ್ತದೆ ಅಂದರೆ, ಒಂದು ಚಾರ್ಟ್ ಇರುತ್ತದೆ. ಐದೈದು ನಿಮಿಷಕ್ಕೆ ಒಂದು ಗುರುತು. ಮೇಲಿನ ಬಿಪಿಗೆ ಕೆಳಮುಖದ ಬಾಣ, ಕೆಳಗಿನದಕ್ಕೆ ಮೇಲ್ಮುಖದ ಬಾಣ, ನಾಡಿಗೆ ಚುಕ್ಕೆ. ಚೆನ್ನಾಗಿ ನಡೆದ ಕೇಸಿನ ಚಾರ್ಟ್ ನೋಡಿದರೆ ಮೆಲ್ಲಗೆ ಇಳಿದು, ಸಮತಟ್ಟಾಗಿ ಹೋಗಿ, ಮೆಲ್ಲಗೆ ಏರುತ್ತದೆ. ಅಲ್ಲಿ ಬಾಣಗಳು ಹಳ್ಳಕ್ಕೆ ಬಿದ್ದಂತೆ ಕಾಣಬಾರದು. ದುರ್ಮಾಂಸ ತೆಗೆಯುವ ಮುಖ್ಯ ಹೊತ್ತು ಮುಗಿದ ಮೇಲೆ ಇನ್ನೂ ಇಳಿಸಿಯೇ ಇಟ್ಟುಕೊಳ್ಳುವುದಿಲ್ಲ. ಮೂಗಿಗೆ ಪ್ಯಾಕ್, ಅಂದರೆ ರಕ್ತ ನಿಲ್ಲಲು ಒಳಗೆ ತುಂಬುವ ಬತ್ತಿ, ಇಡುವ ಮೊದಲು ಬಿಪಿ ಮಾಮೂಲಿಗೆ ತರುತ್ತೇವೆ, ಎಲ್ಲಾದರೂ ರಕ್ತ ಜಿನುಗುತ್ತಿದೆಯಾ ಅಂತ ಸರ್ಜನ್ ಕಣ್ಣಲ್ಲಿ ನೋಡಬೇಕು. ಇಳಿದಾಗಲೇ ಪ್ಯಾಕ್ ಇಟ್ಟು ಮುಗಿಸಿದರೆ ವಾರ್ಡಿಗೆ ಹೋದ ಮೇಲೆ ಸೋರಲು ಶುರು ಆಗಬಹುದು.

ಇನ್ನೊಂದು. ಎದ್ದಾಗ ಎರಡೂ ಮೂಗಿಗೆ ಪ್ಯಾಕ್ ಇರುತ್ತದೆ, ಬಾಯಲ್ಲೇ ಉಸಿರಾಡಬೇಕು. ಇದನ್ನು ಅಪ್ಪನಿಗೆ ಈಗಲೇ ಹೇಳಿಡಿ. ಗೊತ್ತಿಲ್ಲದವರು ಗಾಬರಿ ಬಿದ್ದು ಕೈ ಹಾಕಿ ಕೀಳುತ್ತಾರೆ, ಆಗ ಬಿಪಿ ಎಲ್ಲಿಗೋ ಹೋಗುತ್ತದೆ.

ಮೆಡಿಕಲ್ ಶಾಪ್ ಹುಡುಗಿ, ದಾವಣಗೆರೆ

ಮೇಡಂ, ಸರ್, ತಮ್ಮಾ, ಮೂರು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ನಾಲೆ ವಿಷಯ ಬಂದಾಗ 'ಹೌದು ಹೌದು, ಮೊದಲ ನೀರು ಕೆಸರೇ' ಅಂದರು.

ಮನೆ ಯಂತ್ರದ ಪಟ್ಟಿ ನೋಡಿದೆ. 32 ಸೆಂಟಿಮೀಟರ್‌ವರೆಗೆ ಅಂತ ಬರೆದಿದೆ. ಶಾಪಿಂದ ಟೇಪ್ ತಂದು ಅಪ್ಪನ ತೋಳು ಅಳೆದರೆ 34! ಏಳು ವರ್ಷದಿಂದ ನಾನು ಬರೆದ ಅಂಕಿಗಳೆಲ್ಲ ಸ್ವಲ್ಪ ಜಾಸ್ತಿಯೇ ಇದ್ದವಾ? ನಿನ್ನೆ ದೊಡ್ಡ ಪಟ್ಟಿ ತಂದು, ಐದು ನಿಮಿಷ ಕೂರಿಸಿ ನೋಡಿದೆ. 136/82 ಬಂತು. ಸಂಜೆ 138/84. ಹಾಗಾದರೆ ಲೆಕ್ಕ ಬದಲಾಗುತ್ತದೆ ಅಲ್ವಾ ಮೇಡಂ?

ಮತ್ತಿನ ಡಾಕ್ಟರು, ಚಿತ್ರದುರ್ಗ

ಬದಲಾಗುತ್ತದಮ್ಮ. 136/82ಕ್ಕೆ ಸರಾಸರಿ 100. ಅದರ 30 ಪರ್ಸೆಂಟ್ ಕಳೆದರೆ 70. ಆದರೆ 70 ಅಂದರೆ ಅಲ್ಲಿಗೆ ಹೋಗಲೇಬೇಕು ಅಂತ ಅಲ್ಲ, ಅದಕ್ಕಿಂತ ಕೆಳಗೆ ಹೋಗಬಾರದು ಅಂತ. 80ರಲ್ಲಿ ಜಾಗ ಒಣಗಿದ್ದರೆ 80ರಲ್ಲೇ ಬಿಡುತ್ತೇವೆ. ಇನ್ನೂ ನಾಲ್ಕು ದಿನ ಬೆಳಿಗ್ಗೆ ಸಂಜೆ ಅದೇ ದೊಡ್ಡ ಪಟ್ಟಿಯಲ್ಲಿ ನೋಡಿ ಬರೆಯಿರಿ. ಹಳೆಯ ಅಂಕಿ ಹೊಡೆದು ಹಾಕಬೇಡಿ, ಪಕ್ಕದಲ್ಲಿ 'ಚಿಕ್ಕ ಪಟ್ಟಿ' ಅಂತ ಬರೆದಿಡಿ.

ಕ್ರಿಯಾಟಿನಿನ್ ಮೊದಲು ಮಾಡಿಸಿದ್ದಾರಾ ನೋಡಿ. ಆಮೇಲೆ ಏರಿದರೆ ಹೋಲಿಸಲು ಅದು ಬೇಕು. ಹಿಮೋಗ್ಲೋಬಿನ್ ಕೂಡ. ರಕ್ತವೇ ತೆಳುವಾಗಿದ್ದರೆ ಬಿಪಿ ಇಳಿಸುವುದು ಬೇರೆಯೇ ಲೆಕ್ಕ. ಮತ್ತು ಕೊಡುವ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ. 'ಅಪ್ಪನಿಗೆ ಎಷ್ಟರ ಕೆಳಗೆ ಹೋಗುವುದಿಲ್ಲ ಸರ್?' ಅಂತ ಒಂದೇ ಪ್ರಶ್ನೆ ಕೇಳಿ. ಹಿಂದೆ ಇಪ್ಪತ್ತು ಜನ ಇದ್ದರೂ ಕೇಳಿ. ಯಾರೂ ಬೈಯುವುದಿಲ್ಲ.

ಮೆಡಿಕಲ್ ಶಾಪ್ ಹುಡುಗಿ, ದಾವಣಗೆರೆ

ಆಪರೇಷನ್ ಮೊನ್ನೆ ಆಯಿತು. ಹಿಂದಿನ ದಿನ ನೋಟ್‌ಬುಕ್ ಹಿಡಿದು ಹೋಗಿ ಕೇಳಿದೆ. ಡಾಕ್ಟರು ಪುಟ ತಿರುಗಿಸಿ ನೋಡಿ, ಪೆನ್ನಲ್ಲಿ ಲೆಕ್ಕ ಹಾಕಿ, ಫೈಲಿನ ಮೇಲೆ '72ಕ್ಕಿಂತ ಕೆಳಗೆ ಬೇಡ, ದೊಡ್ಡ ಪಟ್ಟಿ' ಅಂತ ಬರೆದು ಅಡಿಗೆರೆ ಹಾಕಿದರು. ಟೆಲ್ಮಿಸಾರ್ಟಾನ್ ಹಿಂದಿನ ಬೆಳಿಗ್ಗೆಯಿಂದ ನಿಲ್ಲಿಸಿದ್ದೆವು.

ಮುಗಿದ ಮೇಲೆ ಚಾರ್ಟ್ ತೋರಿಸಿ ಅಂದೆ. ತೋರಿಸಿದರು. ಹೊಸದುರ್ಗದ ತಮ್ಮ ಹೇಳಿದ ಬಾಣಗಳೇ. ಅತಿ ಕೆಳಗಿನದು 76, ಹೆಚ್ಚುಕಡಿಮೆ 50 ನಿಮಿಷ. ಆಮೇಲೆ ಮೆಟ್ಟಿಲು ಹತ್ತಿದ ಹಾಗೆ 82, 88, 95. ಕ್ರಿಯಾಟಿನಿನ್ ಮೊದಲು 0.9, ಇವತ್ತು ಬೆಳಿಗ್ಗೆ 1.0. ಮೂತ್ರ ಚೆನ್ನಾಗಿ ಹೋಗುತ್ತಿದೆ. ಪ್ಯಾಕ್ ನಾಳೆ ತೆಗೆಯುತ್ತಾರೆ. ಅಪ್ಪ ಬಾಯಲ್ಲಿ ಉಸಿರಾಡುತ್ತಾ ಕೈಸನ್ನೆಯಲ್ಲೇ ಮಾತಾಡುತ್ತಿದ್ದಾರೆ, ಗಾಬರಿ ಆಗಲಿಲ್ಲ.

ಬಿಪಿ ಈಗ 142/86. ಟೆಲ್ಮಿಸಾರ್ಟಾನ್ ಮತ್ತೆ ಯಾವಾಗ ಶುರು ಮಾಡುವುದು ಮೇಡಂ?

ಮತ್ತಿನ ಡಾಕ್ಟರು, ಚಿತ್ರದುರ್ಗ

ತುಂಬಾ ಸಂತೋಷ ಆಯಿತಮ್ಮ. ಬಿಪಿ ಕುಸಿಯದೆ ನಿಂತಿದೆ, ಕಿಡ್ನಿ ಸರಿ ಇದೆ, ಊಟ ನೀರು ತೆಗೆದುಕೊಳ್ಳುತ್ತಿದ್ದಾರೆ ಅಂದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ವಾಪಸ್ ಶುರು ಮಾಡುತ್ತೇವೆ. ತುಂಬಾ ದಿನ ಬಿಟ್ಟುಬಿಡುವುದು ಒಳ್ಳೆಯದಲ್ಲ, ಎಷ್ಟೋ ಮನೆಗಳಲ್ಲಿ ಹಾಗೆ ಮರೆತೇಹೋಗುತ್ತದೆ. ಇವತ್ತು ರೌಂಡ್ಸಿಗೆ ಬಂದಾಗ ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಆ ಮಾತ್ರೆಯ ಹೆಸರು ಬರೆಸಿಕೊಳ್ಳಿ. ಪ್ಯಾಕ್ ತೆಗೆಯುವ ಹೊತ್ತಲ್ಲಿ ಬಿಪಿ ಸ್ವಲ್ಪ ಏರುತ್ತದೆ, ತಲೆದಿಂಬು ಎತ್ತರಿಸಿ ಕೂರಿಸಿ, ಕೈ ಹಿಡಿದುಕೊಂಡಿರಿ. ಒಂದು ವಾರ ಸಿಂಬಳ ತೆಗೆಯಲು ಮೂಗು ಜೋರಾಗಿ ಊದಬಾರದು, ಭಾರ ಎತ್ತಬಾರದು. ಭಟ್ಟಿ ಕಡೆ ಸದ್ಯಕ್ಕೆ ಹೋಗುವುದೇ ಬೇಡ.